ಬಂದಳು ಎನ್ನಬೇಕಿತ್ತು

ಗಂಟಲಿನ ಡಾಕ್ಟರು ಹದಿನೈದು ದಿನ ಮಾತಾಡಬಾರದು ಎಂದಿದ್ದಾರೆ. ಪಿಸುಗುಟ್ಟುವುದೂ ಬೇಡವಂತೆ, ಅದು ಇನ್ನೂ ಕೆಟ್ಟದ್ದಂತೆ. ನಮ್ಮವರು ಅಟ್ಟದಿಂದ ಒಂದು ಹಳೆಯ ಸ್ಲೇಟು ಹುಡುಕಿ ತಂದು, ಒರೆಸಿ, ಬಳಪದ ಸಮೇತ ನನ್ನ ಕೈಗಿಟ್ಟಿದ್ದಾರೆ. ಅವರ ಮುಖದಲ್ಲಿ ಸಂತೋಷವೇನೂ ಕಾಣಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಾರಿಗೆ ಉಪ್ಪು ಸಾಲದು ಎಂದು ನಾನು ಬರೆದು ಮುಗಿಸುವಷ್ಟರಲ್ಲಿ ಅವರು ಮಜ್ಜಿಗೆಗೆ ಬಂದಿರುತ್ತಾರೆ.

ಬೇಸರವಾಗುತ್ತದೆಯೇ ಎಂದು ಬಂದವರೆಲ್ಲ ಕೇಳುತ್ತಾರೆ. ಇಲ್ಲ ಎಂದು ತಲೆಯಾಡಿಸುತ್ತೇನೆ. ನಿಜ ಏನೆಂದರೆ, ನನಗೆ ಸಾಕಾಗಿದೆ. ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಮಗ್ಗಿ ಹೇಳಿಸಿದ ಗಂಟಲು ಇದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ, ಮೀನಿನವಳಲ್ಲಿ ತುಳು. ಪ್ರಾರ್ಥನೆಗೊಂದು, ಲೆಕ್ಕಕ್ಕೊಂದು, ಜಗಳಕ್ಕೊಂದು ಎಂದು ಮೂರು ಭಾಷೆಗಳನ್ನು ಒಂದೇ ನಾಲಗೆಯ ಮೇಲೆ ದುಡಿಸಿದ್ದೇನೆ. ಈಗ ಅದನ್ನು ಕಟ್ಟಿಹಾಕಿದ್ದಾರೆ. ಕೂತಲ್ಲೇ ಹಿಂದಿನದ್ದೆಲ್ಲ ನೆನಪಾಗುತ್ತದೆ. ಇಷ್ಟು ವರ್ಷ ಆಡಿದ ಮಾತುಗಳಲ್ಲಿ ಹೆಚ್ಚಿನವು ಎಲ್ಲಿ ಹೋದವೋ ಗೊತ್ತಿಲ್ಲ. ಒಂದು ಮಾತು ಮಾತ್ರ ಎಲ್ಲಿಗೆ ಹೋಯಿತು, ಯಾರ ಮನೆಯ ಮೆಟ್ಟಿಲು ಹತ್ತಿತು ಎಂಬುದೆಲ್ಲ ನನಗೆ ಚೆನ್ನಾಗಿ ಗೊತ್ತುಂಟು. ಅದನ್ನು ನಾನು ಹನ್ನೆರಡನೆಯ ವಯಸ್ಸಿನಲ್ಲಿ ಆಡಿದ್ದೆ.

ನಮ್ಮದು ಬಂಟ್ವಾಳ. ಪಪ್ಪನಿಗೆ ಪೇಟೆಯಲ್ಲಿ ಒಂದು ಹೊಲಿಗೆ ಅಂಗಡಿ. ಮಳೆಗಾಲದಲ್ಲಿ ನೇತ್ರಾವತಿ ಉಕ್ಕಿದರೆ ಹೊಲಿಗೆಯ ಮೆಷಿನನ್ನು ಮಾಳಿಗೆಗೆ ಏರಿಸಬೇಕಾಗುತ್ತಿತ್ತು, ಅಂಥ ಜಾಗ. ಆದರೆ ಊರಿನ ಕ್ರೈಸ್ತರಿಗೆ ಪಪ್ಪನೆಂದರೆ ಟೈಲರ್ ಅಲ್ಲ, ಗುರ್ಕಾರ. ಇಗರ್ಜಿಗೆ ಸೇರಿದ ಹತ್ತಿಪ್ಪತ್ತು ಮನೆಗಳಿಗೆ ಒಬ್ಬ ಹಿರಿಯನಿರುತ್ತಾನಲ್ಲ, ಅವರು. ಮದುವೆಯ ಮಾತುಕತೆಗೆ ಅವರು ಬೇಕು, ಬಾಣಂತಿಯ ಮನೆಗೆ ಅವರು ಬೇಕು. ಯಾರಾದರೂ ಸಾಯುವ ಹೊತ್ತಾದರೆ ಪಾದ್ರಿಗಳು ಬಂದು ಮುಟ್ಟುವ ತನಕ ಕಿವಿಯ ಹತ್ತಿರ ಕೂತು ಪ್ರಾರ್ಥನೆ ಹೇಳುವವರೂ ಅವರೇ. ಪಪ್ಪನ ಬಾಯಿಂದ ಪ್ರಾರ್ಥನೆ ಕೇಳುತ್ತಾ ಹೋದವರಿಗೆ ದಾರಿ ತಪ್ಪುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಇತ್ತು. ಅವರಿಗೂ ಇತ್ತೆಂದು ಕಾಣುತ್ತದೆ.

ಸಂಜೆ ಇಗರ್ಜಿಯ ಗಂಟೆ ಹೊಡೆದರೆ ನಮ್ಮಲ್ಲಿ ಮಣಿ ಎಣಿಸುತ್ತಾ ಹೇಳುವ ಜಪಸರ. ಸಾಲು ಮನೆಗಳಿಂದ ಒಂದೇ ರಾಗ ಏಳುತ್ತಿತ್ತು. ಪಕ್ಕದ ಮನೆಯವರು ನಮಗಿಂತ ಅರ್ಧ ಸಾಲು ಮುಂದೆ, ಆಚೆಮನೆಯವರು ಅರ್ಧ ಸಾಲು ಹಿಂದೆ. ಜಪಸರದ ಐದು ಭಾಗಗಳಿಗೆ ರಹಸ್ಯ ಎಂದು ಹೆಸರು; ನಾನು ಮೂರನೆಯ ರಹಸ್ಯದ ಹೊತ್ತಿಗೆ ನಿದ್ದೆಗೆ ಇಳಿದು, ಕೊನೆಯ ಹಾಡಿಗೆ ಸರಿಯಾಗಿ ಎದ್ದು ದೊಡ್ಡ ದನಿಯಲ್ಲಿ ಸೇರಿಕೊಳ್ಳುತ್ತಿದ್ದೆ. ಜಪಸರ ಮುಗಿದ ಮೇಲೆ ಬೆಸಾಂವ್, ಅಂದರೆ ಆಶೀರ್ವಾದ. ಮಕ್ಕಳು ಒಬ್ಬೊಬ್ಬರಾಗಿ ಹಿರಿಯರ ಎದುರು ಕೈಮುಗಿದು "ಬೆಸಾಂವ್ ದಿಯಾ ಪಪ್ಪಾ" ಎನ್ನಬೇಕು. ಅವರು ತಲೆಯ ಮೇಲೆ ಕೈಯಿಟ್ಟು "ದೇವ್ ಬರೆಂ ಕರುಂ" ಎನ್ನುತ್ತಾರೆ. ದೇವರು ಒಳ್ಳೆಯದು ಮಾಡಲಿ, ಅಷ್ಟೇ. ಬೆಳಿಗ್ಗೆ ಪೆಟ್ಟು ತಿಂದಿದ್ದರೂ ಸಂಜೆ ಈ ಮಾತು ತಪ್ಪುತ್ತಿರಲಿಲ್ಲ. ಅದು ಸಿಕ್ಕಿದರೆ ಆ ದಿನದ ಬಾಕಿ ಎಲ್ಲ ತೀರಿತು, ಇನ್ನು ಗಂಜಿಗೆ ಕೂರಬಹುದು.

ಮನೆಯಲ್ಲಿ ಮಕ್ಕಳು ನಾವಿಬ್ಬರೇ. ಸೆವ್ರಿನಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನಡುವೆ ಹುಟ್ಟಿದ ಎರಡು ಉಳಿಯಲಿಲ್ಲ. ಅಕ್ಕ ಹದಿನೆಂಟಕ್ಕೆ ಕನ್ಯಾಮಠ ಸೇರಿದಳು. ಅವಳ ಬಿಳಿಯ ಉಡುಪುಗಳನ್ನೆಲ್ಲ ಪಪ್ಪನೇ ಹೊಲಿದರು. ಕೊನೆಯ ಹೊಲಿಗೆಗಳನ್ನು ಮೆಷಿನಿನಲ್ಲಿ ಹಾಕದೆ ಕೈಯಲ್ಲೇ ಹಾಕಿದರು. ಅವಳು ಹೊರಡುವ ಭಾನುವಾರ ಇಗರ್ಜಿಯ ಅಂಗಳದಲ್ಲಿ ಪಪ್ಪ ನಡೆದ ನಡಿಗೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎರಡು ವರ್ಷ ಕಳೆದು, ಎಪ್ಪತ್ತರ ದಶಕದ ಮೊದಲಿಗೆ, ಒಂದು ಮಧ್ಯಾಹ್ನ ಅಕ್ಕ ಅದೇ ಟ್ರಂಕಿನೊಂದಿಗೆ ಬಸ್ಸಿನಿಂದ ಇಳಿದು ಮನೆಗೆ ಬಂದಳು. ಸುದ್ದಿ ಮುಟ್ಟಿ ಪಪ್ಪ ಅಂಗಡಿ ಮುಚ್ಚಿ ಬಂದರು. ಮಾಯ್ ಬಾಗಿಲ ಹಿಂದೆ ಸೆರಗಿನಿಂದ ಬಾಯಿ ಮುಚ್ಚಿ ನಿಂತಿದ್ದರು. ನಮ್ಮ ತಾಯಿಯನ್ನು ನಾವು ಮಾಯ್ ಎಂದೇ ಕರೆಯುವುದು. ಪಪ್ಪ ಅಕ್ಕನನ್ನು ನೋಡಿದರು.

"ಊಟ ಆಯ್ತಾ?" ಎಂದರು.

"ಇಲ್ಲ ಪಪ್ಪಾ."

"ಮೊದಲು ಊಟ ಮಾಡು."

ಊಟವಾದ ಮೇಲೆ ಅಕ್ಕ ತಾನಾಗಿಯೇ ಹೇಳಿದಳು. "ಅಲ್ಲಿ ಯಾರೂ ನನಗೆ ಏನೂ ಮಾಡ್ಲಿಲ್ಲ ಪಪ್ಪಾ. ಎಲ್ಲರೂ ಒಳ್ಳೆಯವರೇ. ಮುಂದಿನ ತಿಂಗಳು ದೇವರ ಎದುರು ವ್ರತದ ಮಾತು ಕೊಡ್ಬೇಕಿತ್ತು. ನನ್ನ ಬಾಯಿ ಹೇಳ್ತದೆ, ಮನಸ್ಸು ಹೇಳುವುದಿಲ್ಲ. ಹಾಗೆ ಮಾತು ಕೊಡ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಮದರ್ ಹತ್ತಿರ ಹೇಳಿದೆ. ಹಾಗಾದರೆ ಹೋಗು ಮಗಳೇ ಅಂದರು."

ಪಪ್ಪ ತುಂಬ ಹೊತ್ತು ಹೆಬ್ಬೆರಳಿನ ಮೇಲಿದ್ದ ಸೂಜಿಯ ಗುರುತುಗಳನ್ನು ನೋಡಿಕೊಳ್ಳುತ್ತಾ ಕೂತರು. ಆಮೇಲೆ "ಸುಳ್ಳು ಮಾತು ಕೊಡುವುದಕ್ಕಿಂತ ಬಂದದ್ದು ಒಳ್ಳೆಯದಾಯ್ತು" ಎಂದರು. ಅವರಿಗೆ ಅದು ಎಷ್ಟು ಕಷ್ಟದ ಮಾತು ಎಂದು ನನಗೆ ಆಗ ತಿಳಿಯಲಿಲ್ಲ. ಆ ಸಂಜೆ ಅಕ್ಕನ ತಲೆಯ ಮೇಲೆ ಕೈಯಿಟ್ಟು ಎಂದಿನ ಹಾಗೆ ಬೆಸಾಂವ್ ಕೊಟ್ಟರು. ಮರುದಿನವೂ ಕೊಟ್ಟರು. ಒಂದು ವಾರ ಹೀಗೆ ಹೋಯಿತು.

ಇನ್ನು ನನ್ನ ಘನಕಾರ್ಯಕ್ಕೆ ಬರುತ್ತೇನೆ. ಆ ವಯಸ್ಸಿನಲ್ಲಿ ನಾನು ವಿಪರೀತ ಮಾತಿನವಳು. ಮನೆಯಲ್ಲಿ ಕೇಳುವವರಿರಲಿಲ್ಲ. ಪಪ್ಪನಿಗೆ ಬಾಯಲ್ಲಿ ಯಾವಾಗಲೂ ಗುಂಡುಸೂಜಿ, ಮಾಯ್‌ಗೆ ಕೆಲಸ. ಹಾಗಾಗಿ ಯಾರಾದರೂ ಒಂದು ಪ್ರಶ್ನೆ ಕೇಳಿದರೆ ಸಾಕು, ನಾನು ಹತ್ತಕ್ಕೆ ಉತ್ತರ ಕೊಡುತ್ತಿದ್ದೆ. ಭಾನುವಾರ ಪೂಜೆ ಮುಗಿದು ಇಗರ್ಜಿಯ ಮೆಟ್ಟಿಲಿಳಿಯುವಾಗ ನೆರೆಮನೆಯ ಕಾರ್ಮಿನ್ ಬಾಯಿ ನನ್ನ ಕೈಹಿಡಿದರು. ಅವರು ನನ್ನನ್ನು ಅಷ್ಟು ಪ್ರೀತಿಯಿಂದ ಅದುವರೆಗೆ ಮಾತಾಡಿಸಿದ್ದೇ ಇಲ್ಲ.

"ಸೆವ್ರಿನ್ ಬಂದಿದ್ದಾಳಂತೆ ಅಲ್ವಾ ಲೀನಾ? ಎಂತ ಸಂಗತಿ?"

ಕೊಂಕಣಿಯಲ್ಲಿ "ಆಯ್ಲಿ" ಎಂದರೆ ಬಂದಳು. "ಧಾಡ್ಲಿ" ಎಂದರೆ ಕಳುಹಿಸಿಬಿಟ್ಟರು. ಎರಡೂ ಹೆಚ್ಚುಕಡಿಮೆ ಒಂದೇ ಉದ್ದದ ಮಾತುಗಳು, ಹೇಳಲು ಎರಡಕ್ಕೂ ಒಂದೇ ಹೊತ್ತು. ನನಗೆ ಗೊತ್ತಿದ್ದದ್ದು ಆಯ್ಲಿ. ಆದರೆ ಬಂದಳು ಎಂದುಬಿಟ್ಟರೆ ಕತೆ ಅಲ್ಲಿಗೇ ಮುಗಿಯಿತು, ಕಾರ್ಮಿನ್ ಬಾಯಿ ಕೈಬಿಟ್ಟು ಹೊರಟುಹೋಗುತ್ತಾರೆ. ನಾನು "ಧಾಡ್ಲಿ" ಎಂದೆ.

ಅವರ ಕಣ್ಣು ಅಗಲವಾಯಿತು. "ಯೇಸುವೇ! ಎಂತಕ್ಕೆ?"

"ಎಂತದ್ದೋ ಆಗಿದೆಯಂತೆ," ಎಂದೆ. ಏನೂ ಆಗಿರಲಿಲ್ಲ. ಆದರೆ ಇಬ್ಬರು ಮೂವರು ಹೆಂಗಸರು ಹತ್ತಿರ ಸರಿದು ಬಂದಿದ್ದರು. ನಾನು ಗುಟ್ಟು ಬಲ್ಲವಳ ಹಾಗೆ ತಲೆ ತಗ್ಗಿಸಿದೆ. ಒಬ್ಬರು ನನ್ನ ಜಡೆಯ ರಿಬ್ಬನ್ ಸರಿಮಾಡಿದರು. ಅಂಥ ಸುಖವನ್ನು ನಾನು ಆಮೇಲೆ ಒಳ್ಳೆಯ ಕೆಲಸ ಮಾಡಿದಾಗಲೂ ಕಂಡಿಲ್ಲ ಎಂದು ನಾಚಿಕೆಯಿಂದ ಒಪ್ಪಿಕೊಳ್ಳುತ್ತೇನೆ.

ಎರಡು ದಿನದೊಳಗೆ ಮಾತು ಹೊಲಿಗೆ ಅಂಗಡಿಗೆ ಮುಟ್ಟಿತು. ಅಳತೆ ಕೊಡಲು ಬಂದವರೊಬ್ಬರು ಪಪ್ಪನ ಹತ್ತಿರ, "ಬೇಸರ ಮಾಡ್ಬೇಡಿ ಗುರ್ಕಾರ್ರೇ, ಮಠದಿಂದ ಕಳುಹಿಸಿದ್ದು ನಿಮ್ಮ ಮಗಳೊಬ್ಬಳನ್ನೇ ಅಲ್ಲ" ಎಂದು ಸಮಾಧಾನ ಹೇಳಿದರಂತೆ. ಪಪ್ಪ ಮನೆಗೆ ಬಂದವರು ಚಪ್ಪಲಿಯನ್ನೂ ಕಳಚಲಿಲ್ಲ.

"ಸೆವ್ರಿನ್, ನೀನೇ ಬಂದದ್ದಾ, ಅವರು ಕಳುಹಿಸಿದ್ದಾ?"

"ನಾನೇ ಬಂದದ್ದು ಪಪ್ಪಾ. ಹೇಳಿದೆನಲ್ಲ."

"ಪೇಟೆಯಲ್ಲಿ ಬೇರೆ ಹೇಳ್ತಾರೆ."

"ಪೇಟೆಯವರು ಅಲ್ಲಿಗೆ ಬಂದಿದ್ದರಾ ಪಪ್ಪಾ?"

ಅಕ್ಕ ಅದನ್ನು ಎದುರುಮಾತಾಗಿ ಹೇಳಲಿಲ್ಲ. ಆದರೆ ಪಪ್ಪನಿಗೆ ಹಾಗೆ ಕೇಳಿಸಿತು. ಮಾಯ್ ಒಳಗಿನಿಂದ, "ಮದರಿಗೆ ಒಂದು ಕಾಗದ ಬರೆದು ಕೇಳಿ ನೋಡಿ" ಎಂದರು. "ಬರೆದು ಇನ್ನೂ ಮರ್ಯಾದೆ ಕಳ್ಕೊಳ್ಬೇಕಾ?" ಎಂದು ಪಪ್ಪ ಗದರಿದರು. ನಾನು ಕಂಬಕ್ಕೆ ಒರಗಿ ನಿಂತಿದ್ದೆ. ಆಗಲೇ ಹೇಳಿದ್ದರೆ ನಾಲ್ಕು ಪೆಟ್ಟಿಗೆ ಮುಗಿಯುತ್ತಿತ್ತು.

ಆ ಸಂಜೆ ಜಪಸರ ಮುಗಿಯಿತು. ಅಕ್ಕ ಕೈಮುಗಿದು, "ಬೆಸಾಂವ್ ದಿಯಾ ಪಪ್ಪಾ" ಎಂದಳು. ಪಪ್ಪ ಗೋಡೆಯ ಮೇಲಿನ ಯೇಸುವಿನ ಪಟವನ್ನು ನೋಡುತ್ತಾ ಸುಮ್ಮನೆ ಕೂತರು. ಅಕ್ಕ ಕಾದಳು. ಆಮೇಲೆ ಮಾಯ್ ಹತ್ತಿರ ಹೋದಳು. ಮುಂದಿನ ಸರದಿ ನನ್ನದು. ಪಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, "ದೇವ್ ಬರೆಂ ಕರುಂ" ಎಂದರು.

ಹೀಗೆ ನಾಲ್ಕು ವರ್ಷ.

ನೀವು ಕೇಳಬಹುದು, ಅಷ್ಟಕ್ಕೂ ಅದು ಎರಡು ಮೂರು ಶಬ್ದ, ಸಿಗದಿದ್ದರೆ ಏನಂತೆ ಎಂದು. ಅನ್ನ ಸಿಗುತ್ತಿತ್ತು, ಬಟ್ಟೆ ಸಿಗುತ್ತಿತ್ತು, ಜ್ವರ ಬಂದಾಗ ಪಪ್ಪನೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಆದರೆ ಇಡೀ ಊರಿನ ಸಾಯುವವರಿಗೆ ಸಮಾಧಾನದ ಮಾತು ಹೇಳುವ ಬಾಯಿ ಮನೆಯ ಮಗಳ ಎದುರು ಮುಚ್ಚಿಕೊಂಡರೆ ಆ ಮಗಳಿಗೆ ಹೇಗಾಗಬೇಕು? ಅಕ್ಕ ಒಂದು ದಿನವೂ ತಪ್ಪಿಸಲಿಲ್ಲ. ದಿನಾ ಕೇಳುತ್ತಿದ್ದಳು. ದಿನಾ ಅಷ್ಟೇ ಹೊತ್ತು ಕಾಯುತ್ತಿದ್ದಳು. ಅವಳ ಹಿಂದೆ ನಿಂತ ನನಗೆ ಅವಳ ಜಡೆಯ ತುದಿ, ಕುತ್ತಿಗೆಯ ಹಿಂದಿನ ಮಚ್ಚೆ ಎಲ್ಲ ಬಾಯಿಪಾಠವಾಗಿದ್ದವು.

ಪಾಪನಿವೇದನೆಗೆ ಹೋಗುತ್ತಿರಲಿಲ್ಲವೇ ಎಂದರೆ, ತಪ್ಪದೆ ಹೋಗುತ್ತಿದ್ದೆ. ನಮ್ಮ ವಯಸ್ಸಿನ ಮಕ್ಕಳಿಗೆಲ್ಲ ಒಂದು ಪಟ್ಟಿ ಇತ್ತು. ಸುಳ್ಳು ಹೇಳಿದೆ, ಸಕ್ಕರೆ ಕದ್ದೆ, ಜಪಸರದಲ್ಲಿ ತೂಕಡಿಸಿದೆ, ದೊಡ್ಡವರ ಮಾತು ಮೀರಿದೆ. ಹೇಳಿದ್ದನ್ನೇ ಹೇಳಿ, ಪ್ರಾಯಶ್ಚಿತ್ತಕ್ಕೆ ಮೂರು ಸಲ "ನಮೋ ಮರಿಯಾ" ಜಪ ಹೇಳಿ ತೀರಿಸಿ ಓಡಿಬರುತ್ತಿದ್ದೆವು. "ಸುಳ್ಳು ಹೇಳಿದೆ" ಎನ್ನುವುದರೊಳಗೆ ನನ್ನ ಆ ಸುಳ್ಳೂ ಸೇರಿತು ಎಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಎಂಥ ಸುಳ್ಳು ಎಂದು ಪಾದ್ರಿಗಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಅಕ್ಕನಿಗೆ ಬಂದ ಎರಡು ಸಂಬಂಧಗಳು "ಮಠದಿಂದ ಕಳುಹಿಸಿದ ಹುಡುಗಿಯಂತೆ" ಎಂದು ತಿರುಗಿ ಹೋದವು. ಮೂರನೆಯದು ಮೂಡುಬಿದಿರೆಯದ್ದು. ಆಲ್ಬರ್ಟ್ ಎಂದು ಹೆಸರು, ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುವ ಕೆಲಸ. ಮಾತು ಕಡಿಮೆ. "ಅಲ್ಲಿಂದ ಯಾಕೆ ಬಂದಿರಿ?" ಎಂದು ಅಕ್ಕನನ್ನೇ ಕೇಳಿದರು. ಅವಳು ಹೇಳಿದಳು. "ಸರಿ" ಎಂದರು. ನಾಲ್ಕು ವರ್ಷದಲ್ಲಿ ಅವಳನ್ನು ಕೇಳಿ ನಂಬಿದ ಮೊದಲ ಮನುಷ್ಯ ಅವರೇ.

ಮದುವೆಯ ದಿನ ಮನೆಯಿಂದ ಹೊರಡುವ ಮೊದಲು ಹುಡುಗಿ ತಂದೆತಾಯಿಯ ಎದುರು ಮೊಣಕಾಲೂರಿ ಬೆಸಾಂವ್ ಕೇಳಬೇಕು. ಅಂಗಳ ತುಂಬ ಜನ. ಪಪ್ಪ ಎರಡೂ ಕೈಯನ್ನು ಅವಳ ಮುಡಿಯ ಮೇಲಿಟ್ಟು, ಸತ್ತವರೂ ಎದ್ದು ಕೂರಬೇಕು ಅಂಥ ಗಟ್ಟಿ ದನಿಯಲ್ಲಿ, ಒಂದು ಅಕ್ಷರ ತಪ್ಪದೆ ಉದ್ದದ ಆಶೀರ್ವಾದ ಹೇಳಿದರು. ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ನಾನಂತೂ ಎಲ್ಲ ಸರಿಯಾಯಿತು ಎಂದು ಬಿಕ್ಕಿ ಬಿಕ್ಕಿ ಅತ್ತೆ. ಕೆಲವು ತಿಂಗಳ ಮೇಲೆ ಮೂಡುಬಿದಿರೆಗೆ ಹೋದಾಗ ಆ ಮಾತೆತ್ತಿದೆ. ಅಕ್ಕ ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತದೆ, "ಅದು ಗುರ್ಕಾರರು ಕೊಟ್ಟದ್ದು ಲೀನಾ, ಪಪ್ಪ ಕೊಟ್ಟದ್ದಲ್ಲ" ಎಂದಳು.

ವರ್ಷಗಳು ಹೋದವು. ನಾನು ಟೀಚರಾದೆ. ಬೆಳ್ತಂಗಡಿಯ ಹತ್ತಿರದ ಒಂದು ಪ್ರಾಥಮಿಕ ಶಾಲೆಗೆ ಹಾಕಿದರು, ಅಲ್ಲೇ ಬಾಡಿಗೆಗೆ ಇದ್ದೆ. ಪ್ರತಿ ರಜೆಯಲ್ಲಿ ಬಂಟ್ವಾಳಕ್ಕೆ ಬರುವಾಗ ಈ ಸಲ ಪಪ್ಪನ ಹತ್ತಿರ ಹೇಳುವ ಎಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಳ್ಳುತ್ತಿದ್ದೆ. ಮನೆಯ ಮೆಟ್ಟಿಲು ಹತ್ತುವಾಗ, ಇಷ್ಟು ತಡವಾದ ಮೇಲೆ ಹೇಳಿ ಮುದುಕರನ್ನು ನೋಯಿಸುವುದು ಯಾಕೆ ಎಂದು ನನಗೆ ಅವರ ಮೇಲೆ ಭಾರೀ ಕನಿಕರ ಹುಟ್ಟುತ್ತಿತ್ತು. ಹೆದರಿಕೆಗೆ ನಾವು ಎಂಥೆಂಥ ಒಳ್ಳೆಯ ಹೆಸರುಗಳನ್ನು ಇಡುತ್ತೇವೆ ನೋಡಿ.

ಎಂಬತ್ತರ ದಶಕದ ನಡುವೆ ಒಂದು ಬೆಳಿಗ್ಗೆ ಪಪ್ಪ ಅಂಗಡಿಯ ಬಾಗಿಲು ತೆಗೆಯುವಾಗ ಎದೆ ಹಿಡಿದುಕೊಂಡು ಕುಸಿದರು. ನಾನು ಊರು ಮುಟ್ಟುವಾಗ ಎಲ್ಲ ಮುಗಿದಿತ್ತು. ಅಕ್ಕನೂ ಆಮೇಲೆಯೇ ಬಂದಳು. ಊರಿಗೆಲ್ಲ ಕಿವಿಯಲ್ಲಿ ಪ್ರಾರ್ಥನೆ ಹೇಳಿದವರಿಗೆ ಯಾರೂ ಹೇಳುವವರಿರಲಿಲ್ಲ. ಅಕ್ಕ ಅವರ ಪಾದದ ಹತ್ತಿರ ನಿಂತು ಕೈಮುಗಿದಳು. ಅವಳ ತುಟಿ ಅಲುಗಿತು. ಏನು ಕೇಳಿದಳೆಂದು ನನಗೆ ಗೊತ್ತಾಯಿತು.

ಅಂದಿನಿಂದ ನನಗೆ ಪರಲೋಕದ ತಂದೆಯ ಜಪ ಪೂರ್ತಿ ಹೇಳಲು ಆಗದೇ ಹೋಯಿತು. ನಮ್ಮ ತಪ್ಪುಗಳನ್ನು ಕ್ಷಮಿಸು ಎಂಬ ಸಾಲು ಬರುವಾಗ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಎರಡು ತಿಂಗಳು ಕಳೆದು ಬೆಳ್ತಂಗಡಿಯಲ್ಲಿ ಒಬ್ಬ ವಯಸ್ಸಾದ ಪಾದ್ರಿಗಳ ಹತ್ತಿರ ಪಾಪನಿವೇದನೆಗೆ ಕೂತು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ನಡುವಿನ ಜಾಲರಿಯ ಆಚೆ ಅವರು ಕೆಮ್ಮಿದರು.

"ದೇವರ ಕ್ಷಮೆಯ ಮಾತನ್ನು ನಾನು ಇಲ್ಲಿ ಹೇಳ್ಬಹುದು ಮಗಳೇ, ಹೇಳ್ತೇನೆ," ಎಂದರು. "ನಿನ್ನ ಅಕ್ಕನ ಕ್ಷಮೆ ನನ್ನ ಬಾಯಲ್ಲಿಲ್ಲ. ಅದು ಮೂಡುಬಿದಿರೆಯಲ್ಲಿ ಉಂಟು. ಬಸ್ಸು ಹತ್ತು."

ಮುಂದಿನ ಶನಿವಾರ ಶಾಲೆ ಬಿಟ್ಟವಳೇ ಬಸ್ಸು ಹತ್ತಿದೆ. ಅಕ್ಕ ಜಗಲಿಯಲ್ಲಿ ಕೂತು ಮುದ್ರಣಾಲಯದಿಂದ ಬಂದ ಹಾಳೆಗಳನ್ನು ಮಡಚುತ್ತಿದ್ದಳು. ನಾನು ಚೀಲ ಕೆಳಗಿಡದೆ ಹೇಳಿದೆ. ಕಾರ್ಮಿನ್ ಬಾಯಿ ಕೇಳಿದ್ದು, ನಾನು ಧಾಡ್ಲಿ ಎಂದದ್ದು, ಎಂತದ್ದೋ ಆಗಿದೆಯಂತೆ ಎಂದದ್ದು, ಎಲ್ಲ. ಹೇಳಲು ಐದು ನಿಮಿಷವೂ ಬೇಕಾಗಲಿಲ್ಲ.

ಅಕ್ಕ ಮಡಚುವುದನ್ನು ನಿಲ್ಲಿಸಲಿಲ್ಲ. ಹಾಳೆಯ ಅಂಚಿಗೆ ಅಂಚು ಕೂಡಿಸಿ, ಉಗುರಿನಿಂದ ಎಳೆದು, ಪಕ್ಕಕ್ಕಿಡುತ್ತಿದ್ದಳು.

"ಪಪ್ಪನಿಗೆ ಹೇಳಿದ್ದೀಯಾ?"

"ಇಲ್ಲ."

"ಅವರು ಇರುವಾಗ ಒಂದು ಸಲವೂ?"

"ಇಲ್ಲ ಅಕ್ಕ."

ಆಗ ಅವಳ ಕೈ ನಿಂತಿತು. "ನಾನು ಸುಳ್ಳಿ ಅಂತ ಗ್ರಹಿಸಿಕೊಂಡೇ ಹೋದರಲ್ಲ," ಎಂದಳು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

ನಾನು ಅವಳ ಕಾಲ ಬುಡದಲ್ಲಿ ಕೂತೆ. "ಕ್ಷಮಿಸಿದೆ ಅಂತ ಒಂದು ಮಾತು ಹೇಳು ಅಕ್ಕ."

"ಹೇಳ್ಲಿಕ್ಕೆ ಎಷ್ಟು ಹೊತ್ತು ಬೇಕು? ಆದ್ರೆ ಇವತ್ತು ಹೇಳಿದರೆ ಅದು ನಿನ್ನನ್ನು ಬಸ್ಸು ಹತ್ತಿಸ್ಲಿಕ್ಕೆ ಹೇಳಿದ ಹಾಗೆ ಆಗ್ತದೆ. ನನಗೆ ಬಚ್ಚಿದೆ ಲೀನಾ. ಊಟ ಮಾಡಿ ಹೋಗು."

ಬಚ್ಚಿದೆ ಎಂದರೆ ನಮ್ಮ ಕಡೆ ದಣಿದಿದೆ ಎಂದು ಅರ್ಥ. ನಾನು ಊಟ ಮಾಡಿದೆ. ಮೀನುಸಾರು ಬಡಿಸಿದಳು, ಎರಡನೆಯ ಸಲ ಅನ್ನ ಹಾಕಿದಳು. ಬಸ್ಸಿನ ತನಕ ಬಂದು ಬಿಟ್ಟಳು. ಆ ಮಾತೊಂದು ಬಿಟ್ಟು ಎಲ್ಲವೂ ಸಿಕ್ಕಿತು. ಕಿಟಕಿಯ ಪಕ್ಕ ಕೂತಾಗ, ನಾಲ್ಕು ವರ್ಷ ಅವಳು ಮನೆಯಲ್ಲಿ ಹೇಗೆ ಬದುಕಿದ್ದಳೆಂದು ನನಗೆ ಮೊದಲ ಬಾರಿ ಗೊತ್ತಾಯಿತು.

ಏಳು ತಿಂಗಳು ಕಳೆಯಿತು. ಅಕ್ಕ ಕಾಗದ ಬರೆಯುತ್ತಿದ್ದಳು. ಮಾಯ್ ಕಣ್ಣಿನ ಪೊರೆ, ಆಲ್ಬರ್ಟ್ ಭಾವನ ಕೆಮ್ಮು, ಈ ವರ್ಷ ಮಾವಿನಮಿಡಿ ಸಿಗಲಿಲ್ಲ ಎಂಬ ಸಂಗತಿ. ಪ್ರತಿ ಕಾಗದವನ್ನೂ ನಾನು ಎರಡು ಸಲ ಓದುತ್ತಿದ್ದೆ, ಅಂಚಿನಲ್ಲಿ ಏನಾದರೂ ಬರೆದಿದ್ದಾಳೋ ಎಂದು ತಿರುಗಿಸಿ ನೋಡುತ್ತಿದ್ದೆ. ನಾನೂ ಮತ್ತೆ ಕೇಳಲಿಲ್ಲ.

ಜೂನಿನಲ್ಲಿ ಶಾಲೆ ಶುರುವಾಗಿ ಕೆಲವೇ ದಿನವಾಗಿತ್ತು. ಮೂರನೆಯ ತರಗತಿಗೆ ಉಕ್ತಲೇಖನ ಕೊಡುತ್ತಿದ್ದೆ. ಒಂದು ಶಬ್ದ ಹೇಳಿ, ಎರಡು ಸಲ ಪುನಃ ಹೇಳಿ, ಮಕ್ಕಳು ಬರೆಯುವ ತನಕ ಕಾಯುವುದು. ಹಾಗೆ ಕಾಯುವಾಗ ಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕೊಡೆಯಿಂದ ನೀರು ಸೋರುತ್ತಿತ್ತು, ಸೀರೆಯ ಅಂಚು ಕೆಸರಾಗಿತ್ತು. ಮೂಡುಬಿದಿರೆಯಿಂದ ವೇಣೂರಿನ ದಾರಿಯಾಗಿ, ಎರಡು ಬಸ್ಸು ಬದಲಿಸಿ ಬಂದಿದ್ದಳು. ಮಾಯ್‌ಗೆ ಏನೋ ಆಯಿತು ಎಂದೇ ನನಗೆ ಅನ್ನಿಸಿತು.

"ಯಾರಿಗೂ ಏನೂ ಆಗ್ಲಿಲ್ಲ, ಹೆದರ್ಬೇಡ," ಎಂದಳು. ನಾನು ಜಗಲಿಗೆ ಬಂದೆ. ಅವಳು ಕೊಡೆಯನ್ನು ಗೋಡೆಗೆ ಒರಗಿಸಿದಳು.

"ಬೆಳಿಗ್ಗೆ ಹಾಲು ಕಾಯಿಸುವಾಗ ನಿನ್ನ ನೆನಪಾಯ್ತು. ಸಿಟ್ಟು ಬರ್ಲಿಲ್ಲ. ಹುಡುಕಿದೆ ಮಾರಾಯ್ತಿ, ಎಲ್ಲಿ ಹೋಯ್ತು ಅಂತ. ಇರ್ಲಿಲ್ಲ. ಕಾಗದದಲ್ಲಿ ಬರೆಯುವ ಅಂತ ಕೂತೆ. ಬರೆದ್ರೆ ಸಾಲದು ಅನ್ನಿಸ್ತು. ಅದಕ್ಕೆ ಬಂದೆ."

ಆಮೇಲೆ ನನ್ನ ಮುಖ ನೋಡಿ, ನಾವು ಜಪ ಕಲಿತ ಭಾಷೆಯಲ್ಲಿ, "ಭೊಗ್ಶಿಲೆಂ" ಎಂದಳು. ಕ್ಷಮಿಸಿದ್ದೇನೆ.

ನನಗೆ ಆಸೆ ಜಾಸ್ತಿ. "ಪೂರ್ತಿಯಾ ಅಕ್ಕ?" ಎಂದು ಕೇಳಿದೆ.

"ನನ್ನ ಪಾಲಿನದ್ದು ಪೂರ್ತಿ. ಪಪ್ಪನ ಪಾಲಿನದ್ದು ನಾನು ಹೇಳ್ಲಿಕ್ಕೆ ಆಗುವುದಿಲ್ಲ ಅಲ್ವಾ."

ಒಂದು ಲೋಟ ನೀರು ಕೇಳಿ ಕುಡಿದಳು. ಊಟಕ್ಕೆ ನಿಲ್ಲು ಎಂದೆ. ಭಾವ ಮಧ್ಯಾಹ್ನ ಮನೆಗೆ ಬರುತ್ತಾರೆ, ಅನ್ನಕ್ಕೆ ಪದಾರ್ಥ ಆಗಿಲ್ಲ, ಹನ್ನೆರಡರ ಬಸ್ಸು ತಪ್ಪಿದರೆ ಮತ್ತೆ ಎರಡಕ್ಕೇ ಎಂದಳು. ಕೊಡೆ ಬಿಡಿಸಿಕೊಂಡು ಗೇಟು ದಾಟಿ ಹೋದಳು. ವಯಸ್ಸು ನಲವತ್ತೂ ಆಗಿರಲಿಲ್ಲ, ಹಿಂದಿನಿಂದ ನೋಡುವಾಗ ಮುದುಕಿಯ ನಡಿಗೆ.

ತರಗತಿಗೆ ಮರಳಿದೆ. ನಲವತ್ತು ಮಕ್ಕಳು ಪೆನ್ಸಿಲು ಎತ್ತಿ ಹಿಡಿದು ಕೂತಿದ್ದವು.

"ಟೀಚರ್, ಮುಂದಿನ ಶಬ್ದ?" ಎಂದು ಮುಂದಿನ ಬೆಂಚಿನ ಒಂದು ಹುಡುಗಿ ಕೇಳಿದಳು.

ಪುಸ್ತಕ ಕೈಯಲ್ಲೇ ಇತ್ತು. ಎಲ್ಲಿಗೆ ನಿಲ್ಲಿಸಿದ್ದೆ ಎಂದು ಹುಡುಕಿದೆ, ಅಕ್ಷರಗಳು ಕಾಣಿಸಲಿಲ್ಲ.

"ಇವತ್ತಿಗೆ ಇಷ್ಟು ಸಾಕು ಮಕ್ಕಳೇ," ಎಂದೆ. "ಪೆನ್ಸಿಲ್ ಕೆಳಗಿಡಿ."